ಸಾಂಕ್ರಾಮಿಕದ ಗಡಿ, ನೀರಿನ ಹಂಗಾಮು: ದೋಣಿ ವಿಹಾರದ ಯೋಜನೆಗಳು ಮುರಿದದ್ದು ಎಲ್ಲಿ?

ಹುಬ್ಬಳ್ಳಿ-ಧಾರವಾಡದ ಜನ ದೋಣಿ ಹತ್ತಬೇಕೆಂದರೆ ಜಿಲ್ಲೆಯನ್ನೋ ರಾಜ್ಯವನ್ನೋ ದಾಟಬೇಕು. ಉಣಕಲ್ ಕೆರೆಯಲ್ಲಿ, ಸಾಧನಕೇರಿಯ ಕೆರೆಯಲ್ಲಿ ಸಂಜೆ ಹೊತ್ತು ಅರ್ಧ ತಾಸು ಸುತ್ತಾಡಿ ಬರಬಹುದು. ಗದಗಿನವರಿಗೆ ಭೀಷ್ಮ ಕೆರೆ ಇದೆ. ಆದರೆ ರಜೆ ಹಾಕಿ, ಮುಂಗಡ ಕೊಟ್ಟು, ಮನೆಮಂದಿಯೆಲ್ಲ ಹೊರಡುವಂಥ ನೀರು ಇರುವುದು ಆಚೆಗೆ. ದಾಂಡೇಲಿ ಮತ್ತು ಗಣೇಶಗುಡಿಯ ಕಾಳಿ ಹೊಳೆ ಉತ್ತರ ಕನ್ನಡ ಜಿಲ್ಲೆಯದು. ಹಾವೇರಿಯವರು ಹೋಗುವ ಹೊನ್ನೆಮರಡು, ಶರಾವತಿಯ ಹಿನ್ನೀರು ಶಿವಮೊಗ್ಗಕ್ಕೆ ಸೇರಿದ್ದು. ಪಣಜಿಯ ಮಾಂಡೋವಿ ನದಿಯ ವಿಹಾರ ಹಡಗಿಗೆ ಗೋವಾ ಗಡಿ, ಆಲಪ್ಪುಳದ ದೋಣಿಮನೆಗೆ ಕೇರಳದ ಗಡಿ ದಾಟಬೇಕು. ಹೀಗಾಗಿ ಸಾಂಕ್ರಾಮಿಕ ರೋಗದ ಕಾಲದಲ್ಲಿ ಗಡಿಯ ಮೇಲೆ ಬೀಳುವ ಯಾವ ನಿರ್ಬಂಧವಾದರೂ ಕಡಲತೀರದವರಿಗಿಂತ ಮೊದಲು ನಮ್ಮಂಥ ಒಳನಾಡಿನವರನ್ನು ನೀರಿನಿಂದ ದೂರ ಮಾಡುತ್ತದೆ.

ಕೋವಿಡ್ ಮುಗಿದ ಮೇಲೆ ಈ ಮಾತೇಕೆ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಹೇಳಿದ್ದು 2023ರ ಮೇ 5ರಂದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್‌ನಲ್ಲಿ ನಿಫಾ ಕಾಣಿಸಿಕೊಂಡಾಗ ಕರ್ನಾಟಕ ತನ್ನ ಗಡಿ ಜಿಲ್ಲೆಗಳಲ್ಲಿ ಜ್ವರದ ಮೇಲೆ ನಿಗಾ ಇಡಲು ಆದೇಶಿಸಿತು, ಬಾಧಿತ ಪ್ರದೇಶಕ್ಕೆ ಅನಗತ್ಯ ಪ್ರಯಾಣ ಬೇಡವೆಂದು ಸಲಹೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದವು, ಪ್ರಯಾಣಿಕರನ್ನು ತಡೆಯಿರಿ ಎಂದಾಗಲಿ ಬಿಡಿ ಎಂದಾಗಲಿ ಯಾವ ದೇಶಕ್ಕೂ ಆಜ್ಞೆ ಮಾಡುವ ಅಧಿಕಾರ ಆ ಸಂಸ್ಥೆಗಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಮುಂದಿನ ಸಲವೂ ಕೇರಳ ಗಡಿಯ ತಲಪಾಡಿ, ಗೋವಾ ಗಡಿಯ ಮಾಜಾಳಿ, ಅನಮೋಡದ ತನಿಖಾ ಠಾಣೆಗಳಲ್ಲಿ ಏನಾಗಬೇಕೆಂದು ತೀರ್ಮಾನಿಸುವವರು ನಮ್ಮ ಸರ್ಕಾರಗಳೇ. ಹಿಂದಿನ ಸಲ ಏನಾಯಿತೆಂದು ಕೂತು ನೋಡಲು ಇದೇ ಸರಿಯಾದ ಸಮಯ.

ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಗಡಿ ಮುಚ್ಚಿದ್ದರಿಂದ ಆದ ನಷ್ಟಕ್ಕಿಂತ, ಅದು ಎಂದು ತೆರೆಯುತ್ತದೆಂದು ಹೇಳದೆ ದಿನಾಂಕವನ್ನು ಮುಂದೂಡುತ್ತ ಹೋದದ್ದರಿಂದ ಆದ ನಷ್ಟ ದೊಡ್ಡದು. ನೀರಿನ ಪ್ರವಾಸಕ್ಕೆ ಒಂದು ಹಂಗಾಮು ಇರುತ್ತದೆ. ಬಿತ್ತನೆಯ ವಾರ ತಪ್ಪಿದರೆ ಆ ವರ್ಷದ ಬೆಳೆ ತಪ್ಪಿದಂತೆ, ನೀರಿನ ತಿಂಗಳು ತಪ್ಪಿದರೆ ಆ ವರ್ಷದ ಯೋಜನೆಯೂ ಹೋಯಿತು. ಸರ್ಕಾರದ ಆದೇಶಗಳು ಈ ಹಂಗಾಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ತಿಂಗಳಿಗೊಮ್ಮೆ ಮುಂದೂಡಿದ ಬೇಸಿಗೆ

ಇದನ್ನು ಅತಿ ಸ್ಪಷ್ಟವಾಗಿ ತೋರಿಸುವುದು ಅಮೆರಿಕ-ಕೆನಡಾ ಗಡಿ. ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ನಾಲ್ಕು ಈ ಎರಡು ದೇಶಗಳ ನಡುವೆ ಹಂಚಿಹೋಗಿವೆ. ಗಡಿರೇಖೆ ನೀರಿನ ನಟ್ಟನಡುವೆ ಹಾಯುತ್ತದೆ. ಅಲ್ಲಿ ಕಂಬವೂ ಇಲ್ಲ, ಬೇಲಿಯೂ ಇಲ್ಲ. ಸ್ವಂತ ದೋಣಿಯಲ್ಲಿ ಬೆಳಿಗ್ಗೆ ಒಂದು ದೇಶದಿಂದ ಹೊರಟು ಮಧ್ಯಾಹ್ನದ ಊಟಕ್ಕೆ ಇನ್ನೊಂದು ದೇಶದ ದಡಕ್ಕೆ ಹೋಗುವುದು ಅಲ್ಲಿನ ಕುಟುಂಬಗಳಿಗೆ ಹೊಸದಲ್ಲ. ಚಳಿಗಾಲದಲ್ಲಿ ದೋಣಿಗಳನ್ನು ನೀರಿನಿಂದ ಎತ್ತಿ ದಡದಲ್ಲಿ ಇಡುತ್ತಾರೆ. ಅವರಿಗಿರುವ ಹಂಗಾಮು ಸುಮಾರಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ.

2020ರ ಮಾರ್ಚ್ 21ರಂದು ಈ ಗಡಿ ಅನಗತ್ಯ ಪ್ರಯಾಣಕ್ಕೆ ಮುಚ್ಚಿತು. ಆದೇಶದ ಅವಧಿ ಒಂದು ತಿಂಗಳು. ಆ ತಿಂಗಳು ಮುಗಿಯುವ ಹೊತ್ತಿಗೆ ಇನ್ನೊಂದು ತಿಂಗಳು, ಅದು ಮುಗಿಯುವ ಹೊತ್ತಿಗೆ ಮತ್ತೊಂದು. ಹೀಗೆ ತಿಂಗಳು ತಿಂಗಳು ಎಳೆದು, ಕೆನಡಾ ಎರಡೂ ಲಸಿಕೆ ಪಡೆದ ಅಮೆರಿಕನ್ನರಿಗೆ ಬಾಗಿಲು ತೆರೆದದ್ದು 2021ರ ಆಗಸ್ಟ್ 9ರಂದು. ಅಮೆರಿಕ ತನ್ನ ನೆಲದ ಗಡಿಯನ್ನು ತೆರೆದದ್ದು ಅದೇ ವರ್ಷದ ನವೆಂಬರ್ 8ರಂದು. ಹೆಚ್ಚುಕಡಿಮೆ ಎರಡು ಇಡೀ ಬೇಸಿಗೆಗಳು ಕೈಬಿಟ್ಟವು. ನವೆಂಬರ್‌ನಲ್ಲಿ ಗಡಿ ತೆರೆದರೆ ದೋಣಿಯವರಿಗೆ ಏನು ಪ್ರಯೋಜನ? ಅಷ್ಟರಲ್ಲಿ ದೋಣಿಗಳು ದಡ ಸೇರಿರುತ್ತವೆ.

ದೋಣಿಯ ಪ್ರವಾಸವೆಂದರೆ ರೈಲು ಟಿಕೆಟಿನಂತೆ ಒಂದು ಚೀಟಿಯಲ್ಲಿ ಮುಗಿಯುವ ವ್ಯವಹಾರವಲ್ಲ. ದೋಣಿ ನಿಲ್ಲಿಸಲು ಆಚೆ ದಡದಲ್ಲಿ ಜಾಗ ಬಾಡಿಗೆಗೆ ಹಿಡಿಯಬೇಕು, ವಿಮೆ ನವೀಕರಿಸಬೇಕು, ಯಂತ್ರ ರಿಪೇರಿ ಮಾಡಿಸಬೇಕು, ಜೊತೆಗೆ ಬರುವವರ ರಜೆ ಹೊಂದಿಸಬೇಕು. ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಎರಡು ಮೂರು ತಿಂಗಳು ಮೊದಲೇ ಶುರುವಾಗುತ್ತವೆ. ‘ಬಹುಶಃ ಮುಂದಿನ ತಿಂಗಳು’ ಎಂಬ ಭರವಸೆಯಲ್ಲಿ ಪ್ರತಿ ತಿಂಗಳೂ ಒಂದೊಂದು ಕೊಂಡಿಗೆ ಹಣ ಸುರಿಯುತ್ತ ಹೋದವರು, ‘ಈ ವರ್ಷ ಇಲ್ಲ’ ಎಂದು ಮೊದಲೇ ಕೇಳಿಸಿಕೊಂಡಿದ್ದರೆ ಕಳೆದುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು ಕಳೆದುಕೊಂಡರು. ಮಾರ್ಚ್‌ನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಜೂನ್ ಹೊತ್ತಿಗಾದರೂ ಆ ಹಂಗಾಮಿನ ಬಗ್ಗೆ ಒಂದು ಖಚಿತ ಮಾತು ಹೇಳಬಹುದಿತ್ತು.

ಆ ನಿಯಮದ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ಅಮೆರಿಕದ ನಿರ್ಬಂಧ ವಿಮಾನ ಪ್ರಯಾಣಕ್ಕೆ ಅನ್ವಯಿಸುತ್ತಿರಲಿಲ್ಲ. ಪ್ರಯಾಣಿಕರ ರೈಲು, ದಾಟುದೋಣಿ ಮತ್ತು ವಿಹಾರ ದೋಣಿಗಳಿಗೆ ಅನ್ವಯಿಸುತ್ತಿತ್ತು. ಕೆನಡಾದ ಪ್ರಜೆಯೊಬ್ಬ ನೂರಾರು ಅಪರಿಚಿತರ ಜೊತೆ ಮುಚ್ಚಿದ ವಿಮಾನದಲ್ಲಿ ಕೂತು ಫ್ಲೋರಿಡಾಕ್ಕೆ ಹೋಗಬಹುದಿತ್ತು. ಅದೇ ವ್ಯಕ್ತಿ ತನ್ನ ಹೆಂಡತಿ ಮಕ್ಕಳೊಂದಿಗೆ ತೆರೆದ ಗಾಳಿಯಲ್ಲಿ, ಸ್ವಂತ ದೋಣಿಯಲ್ಲಿ ಸರೋವರ ದಾಟುವಂತಿರಲಿಲ್ಲ. ರೋಗ ಹೇಗೆ ಹರಡುತ್ತದೆಂದು ನೋಡಿ ಬರೆದ ನಿಯಮವಾಗಿದ್ದರೆ ಇದು ತಲೆಕೆಳಗಾಗಿರಬೇಕಿತ್ತು. ಹಾಗೆ ಆಗದಿರಲು ಆಡಳಿತದ ಕಾರಣಗಳಿದ್ದವು: ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ಒಂದೇ ಬಾಗಿಲು ಸಾಕು, ಸಾವಿರಾರು ಮೈಲಿ ದಡಕ್ಕೆ ಕಾವಲು ಹಾಕುವುದು ಆಗದ ಮಾತು. ಆ ಕಾರಣ ಸುಳ್ಳಲ್ಲ. ಆದರೆ ಕಾವಲಿನ ಅನುಕೂಲವನ್ನು ಆರೋಗ್ಯದ ಹೆಸರಿನಲ್ಲಿ ಜನರಿಗೆ ಹೇಳಿದಾಗ ನಿಯಮದ ಮೇಲಿನ ನಂಬಿಕೆ ಸಡಿಲವಾಗುತ್ತದೆ. ಕೆನಡಾದ ಕ್ವಾರಂಟೈನ್ ಕಾಯ್ದೆಯಡಿ ದಂಡ ಏಳೂವರೆ ಲಕ್ಷ ಕೆನಡಾ ಡಾಲರ್‌ವರೆಗೆ ಇತ್ತು. ಅಷ್ಟು ದೊಡ್ಡ ದಂಡದ ಹಿಂದೆ ಅಷ್ಟೇ ಗಟ್ಟಿಯಾದ ವಿವರಣೆಯೂ ಇರಬೇಕು.

ಬದಲಿ ದಾರಿ ಇದ್ದವರು ಪಾರಾದರು. ಅಮೆರಿಕದ ಪೂರ್ವ ಭಾಗವನ್ನು ನದಿ, ಕಾಲುವೆ, ಸಮುದ್ರಗಳ ಮೂಲಕ ಸುತ್ತುವ ಸುಮಾರು 9,600 ಕಿಲೋಮೀಟರಿನ ಒಂದು ಪ್ರಸಿದ್ಧ ಜಲಮಾರ್ಗವಿದೆ. ಅದರಲ್ಲಿ ಅನೇಕರು ಕೆನಡಾದ 386 ಕಿಲೋಮೀಟರ್ ಉದ್ದದ ಟ್ರೆಂಟ್-ಸೆವೆರ್ನ್ ಕಾಲುವೆ ಹಿಡಿಯುತ್ತಿದ್ದರು. ಆ ಎರಡು ವರ್ಷ ಅಮೆರಿಕದ ಬದಿಯ ಈರಿ ಕಾಲುವೆಯಿಂದಲೇ ಸುತ್ತು ಮುಗಿಸಬೇಕಾಯಿತು, ಮುಗಿಸಲು ಸಾಧ್ಯವೂ ಆಯಿತು. ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹೋಗುವ ಸಣ್ಣ ದೋಣಿಗಳಿಗೆ ಆ ಭಾಗ್ಯವಿರಲಿಲ್ಲ. ದ್ವೀಪಗಳ ಮರೆಯಲ್ಲಿ ಸಾಗುವ ಸುರಕ್ಷಿತ ದಾರಿ ಕೆನಡಾದ ನೀರಿನಲ್ಲಿತ್ತು. ಹೊರಗಿನ ತೆರೆದ ಶಾಂತಸಾಗರ ಸಣ್ಣ ದೋಣಿಗಳಿಗೆ ಅಪಾಯ.

ಸಮುದ್ರದ ನಡುವೆ ಇದ್ದವರು

ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡು ದೇಶದಿಂದ ದೇಶಕ್ಕೆ ಸಾಗುವ ಕುಟುಂಬಗಳ ಪಾಡು ಇನ್ನೂ ಕಠಿಣವಾಗಿತ್ತು. 2020ರ ಮಾರ್ಚ್‌ನಲ್ಲಿ ಬಂದರುಗಳು ಮುಚ್ಚತೊಡಗಿದಾಗ ಇವರಲ್ಲಿ ಹಲವರು ಆಗಲೇ ದಡ ಬಿಟ್ಟಿದ್ದರು. ಬಸ್ಸಿನಲ್ಲಿ ಹೊರಟವನನ್ನು ಗಡಿಯಲ್ಲಿ ತಡೆದರೆ ಆತ ಊರಿಗೆ ಮರಳಬಹುದು. ಎರಡು ಮೂರು ವಾರ ಗಾಳಿ ಹಿಡಿದು ಬಂದ ದೋಣಿ, ಅದೇ ಗಾಳಿಗೆ ಎದುರಾಗಿ ಹಿಂತಿರುಗಲಾರದು. ಒಳಗಿನ ಕುಡಿಯುವ ನೀರು, ಆಹಾರ, ಇಂಧನ ಎಲ್ಲವೂ ಮುಂದಿನ ಬಂದರಿನ ಲೆಕ್ಕಕ್ಕೆ ತುಂಬಿಸಿಕೊಂಡವು.

ಇದಕ್ಕೆ ಅಂತರರಾಷ್ಟ್ರೀಯ ನಿಯಮ ಇಲ್ಲವೆಂದಲ್ಲ. 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 28ನೇ ವಿಧಿಯ ಪ್ರಕಾರ ಸಾರ್ವಜನಿಕ ಆರೋಗ್ಯದ ಕಾರಣ ಹೇಳಿ ಹಡಗನ್ನು ಬಂದರಿಗೆ ಬರದಂತೆ ತಡೆಯಬಾರದು. ಇಂಧನ, ನೀರು, ಆಹಾರ ತುಂಬಿಕೊಳ್ಳಲು ಅವಕಾಶ ಕೊಡಬೇಕು. 43ನೇ ವಿಧಿಯಲ್ಲಿ ಇದಕ್ಕೆ ಮೀರಿದ ಕ್ರಮಗಳಿಗೆ ಎಡೆಯಿದೆ, ಆದರೆ ಅಂಥ ಕ್ರಮ ಕೈಗೊಂಡ ದೇಶ 48 ಗಂಟೆಯೊಳಗೆ ಅದನ್ನೂ ಅದರ ಆರೋಗ್ಯ ಸಂಬಂಧಿ ಕಾರಣವನ್ನೂ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. 2020ರಲ್ಲಿ ಹಲವು ದೇಶಗಳು ಈ ಎಡೆಯಲ್ಲೇ ನುಸುಳಿದವು. ತಪ್ಪಿದರೆ ಶಿಕ್ಷೆಯಿಲ್ಲದ ನಿಯಮ ಸಂಕಟದ ದಿನ ಎಷ್ಟು ನಿಲ್ಲುತ್ತದೆಂದು ಆಗ ತಿಳಿಯಿತು.

ಇಲ್ಲಿಯೂ ಹಂಗಾಮಿನ ಪ್ರಶ್ನೆಯೇ ಪ್ರಾಣದ ಪ್ರಶ್ನೆಯಾಯಿತು. ಕೆರಿಬಿಯನ್ ಸಮುದ್ರದಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ. ಆ ಹೊತ್ತಿಗೆ ದೋಣಿಗಳು ದಕ್ಷಿಣದ ಟ್ರಿನಿಡಾಡ್, ಗ್ರೆನಡಾಗಳ ಕಡೆ ಸರಿಯುತ್ತವೆ. ಬಿರುಗಾಳಿಯ ವಲಯದಲ್ಲೇ ಉಳಿದರೆ ಎಷ್ಟೋ ವಿಮಾ ಕಂಪನಿಗಳು ಪರಿಹಾರ ಕೊಡುವುದಿಲ್ಲ. ಟ್ರಿನಿಡಾಡ್ 2020ರ ಮಾರ್ಚ್‌ನಲ್ಲಿ ಮುಚ್ಚಿದ ಗಡಿಯನ್ನು ತೆರೆದದ್ದು 2021ರ ಜುಲೈ 17ಕ್ಕೆ. ಗ್ರೆನಡಾ ಬೇರೆ ದಾರಿ ಹಿಡಿಯಿತು. ದೋಣಿಗಳು ಮೊದಲೇ ಹೆಸರು ನೋಂದಾಯಿಸಿ ಬರಲಿ, ಗುರುತಿಸಿದ ಜಾಗದಲ್ಲಿ ಲಂಗರು ಹಾಕಿ ದೋಣಿಯಲ್ಲೇ ಪ್ರತ್ಯೇಕವಾಸ ಮುಗಿಸಲಿ, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದರೆ ದಡಕ್ಕೆ ಇಳಿಯಲಿ ಎಂದಿತು.

ದಕ್ಷಿಣ ಶಾಂತಸಾಗರದಲ್ಲಿ ಕಾಲ ತಿರುವುಮುರುವಾಗಿರುತ್ತದೆ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಚಂಡಮಾರುತ. ವಾಡಿಕೆಯಂತೆ ಆಗ ದೋಣಿಗಳು ನ್ಯೂಜಿಲೆಂಡಿಗೆ ಇಳಿಯುತ್ತವೆ. 2020ರ ಜೂನ್ 30ರಿಂದ ನ್ಯೂಜಿಲೆಂಡ್ ತನ್ನ ಕಡಲ ಗಡಿಯನ್ನು ವಿದೇಶಿ ನೌಕೆಗಳಿಗೆ ಮುಚ್ಚಿತು, ಕೆಲವು ವಿನಾಯಿತಿಗಳನ್ನು ಮಾತ್ರ ಉಳಿಸಿತು. ಆ ನಿರ್ಧಾರದಿಂದ ಅಲ್ಲಿ ಪ್ರಾಣಗಳು ಉಳಿದವು. ಅದನ್ನು ಹಗುರವಾಗಿ ಕಾಣುವುದು ತಪ್ಪು. ಅದೇ ಹೊತ್ತಿಗೆ ಫಿಜಿ ದೇಶ ವಿಹಾರ ನೌಕೆಗಳಿಗೆಂದೇ ಒಂದು ‘ನೀಲಿ ಪಥ’ ತೆರೆಯಿತು. ಹೊರಡುವ ಮೊದಲು ಪರೀಕ್ಷೆ, ಬಂದಿಳಿಯಲು ಡೆನಾರು ಎಂಬ ಒಂದೇ ಬಂದರು, 14 ದಿನದ ಪ್ರತ್ಯೇಕವಾಸ. ಸಮುದ್ರದಲ್ಲಿ ಕಳೆದ ದಿನಗಳು ಈ ಹದಿನಾಲ್ಕರಲ್ಲಿ ಲೆಕ್ಕಕ್ಕೆ ಬರುತ್ತವೆ. ಈ ಕೊನೆಯ ಸಾಲಿನಲ್ಲಿ ಇಡೀ ವಿಷಯದ ತಿಳಿವಳಿಕೆ ಇದೆ. ಮೂರು ವಾರ ಮತ್ತೊಬ್ಬ ಮನುಷ್ಯನ ಮುಖ ನೋಡದೆ ನೀರಿನ ಮೇಲೆ ಇದ್ದವರಿಗಿಂತ ಚೆನ್ನಾಗಿ ಪ್ರತ್ಯೇಕವಾಸ ಮಾಡಿದವರು ಯಾರಿದ್ದಾರೆ?

ಹಾಗೆಂದು ಎಲ್ಲ ದೋಣಿಯೂ ಒಂದೇ ಅಲ್ಲ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅದರಲ್ಲಿ ಭಾರತೀಯ ಸಿಬ್ಬಂದಿಯೂ ಇದ್ದರು. ಆ ಹಡಗು ಕಂಡ ಭಯದಲ್ಲೇ ಜಗತ್ತಿನ ಬಂದರುಗಳು ಕದ ಹಾಕಿದವು. ಸಾವಿರಾರು ಜನ ಒಂದೇ ಊಟದ ಸಾಲಿನಲ್ಲಿ ಕೂರುವ ಹಡಗಿಗೂ, ನಾಲ್ಕು ಜನರ ಹಾಯಿದೋಣಿಗೂ, ಆರೆಂಟು ಜನ ಕೂರುವ ಕಾಳಿ ಹೊಳೆಯ ರಬ್ಬರ್ ತೆಪ್ಪಕ್ಕೂ ಒಂದೇ ಅಳತೆಗೋಲು ಹಿಡಿದದ್ದು ತಪ್ಪಾಯಿತು.

1898ರ ಹುಬ್ಬಳ್ಳಿಯಿಂದ 2021ರ ಹಳಿಯಾಳದವರೆಗೆ

ನಮ್ಮಲ್ಲಿ ಈ ಅಧಿಕಾರ ಯಾರ ಕೈಯಲ್ಲಿದೆ? ಸಂವಿಧಾನದ ಏಳನೇ ಅನುಸೂಚಿಯನ್ನು ತೆರೆದರೆ ಉತ್ತರ ಚದುರಿಹೋಗಿದೆ. ಬಂದರಿನ ಕ್ವಾರಂಟೈನ್ ಕೇಂದ್ರ ಪಟ್ಟಿಯ 28ನೇ ನಮೂದು. ರಾಜ್ಯ ರಾಜ್ಯಗಳ ನಡುವಿನ ಕ್ವಾರಂಟೈನ್ ಅದೇ ಪಟ್ಟಿಯ 81ನೇ ನಮೂದು. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೆಯದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೋಂಕು ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯದು. ಜಿಲ್ಲೆಯ ಗಡಿಯ ಮಾತು ಎಲ್ಲಿಯೂ ಇಲ್ಲ. ಅದನ್ನು ಮುಚ್ಚಲು ವಿಪತ್ತು ನಿರ್ವಹಣೆ ಮತ್ತು ಸಾಂಕ್ರಾಮಿಕ ರೋಗಗಳ ಕಾಯ್ದೆಗಳಡಿ ಹೊರಡುವ ಆದೇಶ ಸಾಕು.

ಈ ಕಾಯ್ದೆಗಳ ಮೂಲ ನಮ್ಮ ಭಾಗಕ್ಕೆ ಚೆನ್ನಾಗಿ ಪರಿಚಯವಿರುವ ರೋಗದಲ್ಲಿದೆ. ಮುಂಬಯಿಯ ಪ್ಲೇಗ್ ಕಂಡು ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ರೈಲು ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ ಅಧಿಕಾರ ಅದರಲ್ಲಿತ್ತು, ಬಂದರಿಗೆ ಬರುವ ಹಡಗುಗಳನ್ನು ತಪಾಸಣೆ ಮಾಡುವ ಅಧಿಕಾರವೂ ಅದರೊಳಗೆ ಸೇರಿತು. ಮರುವರ್ಷವೇ ಪ್ಲೇಗ್ ಹುಬ್ಬಳ್ಳಿಯನ್ನು ಹೊಕ್ಕಿತು. 1898ರಲ್ಲಿ ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆಯನ್ನು ಈ ಊರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ರೈಲಿನ ಜಂಕ್ಷನ್ ಆಗಿದ್ದ ಊರಿಗೆ ತಪಾಸಣೆ ಒಂದೇ ರಕ್ಷಣೆ ಕೊಡಲಾರದು ಎಂಬುದು ಆಗಲೇ ಕಂಡಿತ್ತು. 2020ರ ತಿದ್ದುಪಡಿ 1897ರ ಕಾಯ್ದೆಯ ತಪಾಸಣೆಯ ಪಟ್ಟಿಗೆ ಬಸ್ಸು, ಸರಕು ವಾಹನ, ವಿಮಾನಗಳನ್ನೂ ಸೇರಿಸಿತು. ಕರ್ನಾಟಕ ಅದೇ ವರ್ಷ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಅಗತ್ಯವೆನಿಸಿದಷ್ಟು ಕಾಲ ರಾಜ್ಯದ ಗಡಿಯನ್ನು ಮುಚ್ಚುವ ಅಧಿಕಾರ ಅದರಲ್ಲಿದೆ. ಎಷ್ಟು ದಿನ ಮೊದಲು ಜನರಿಗೆ ತಿಳಿಸಬೇಕು ಎಂಬ ಷರತ್ತೂ ಅದರ ಜೊತೆಗೇ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಅಧಿಕಾರ ನಮ್ಮ ನೀರಿನ ಹಂಗಾಮಿನ ಮೇಲೆ ಹೇಗೆ ಬಿತ್ತೆಂದು ನೋಡಿ. ಉತ್ತರ ಕರ್ನಾಟಕದ ಕುಟುಂಬಗಳು ಮಕ್ಕಳೊಂದಿಗೆ ಹೊಳೆಗೋ ಕಡಲಿಗೋ ಹೋಗುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ. ಜೂನ್ ಬಂದರೆ ಮಳೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ವಿಹಾರದ ದೋಣಿಗಳೂ ಮಳೆಗಾಲದಲ್ಲಿ ದಡದಲ್ಲಿರುತ್ತವೆ. ಕಾಳಿ ಹೊಳೆಯ ರ‍್ಯಾಫ್ಟಿಂಗ್‌ಗೆ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರು ಬೇಕು, ಹೊಳೆ ಉಕ್ಕಿ ಹರಿಯುವಾಗ ಅದೂ ನಿಲ್ಲುತ್ತದೆ.

2020ರ ಮಾರ್ಚ್ 25ಕ್ಕೆ ದೇಶವ್ಯಾಪಿ ಲಾಕ್‌ಡೌನ್ ಶುರುವಾಯಿತು. ಮೊದಲು ಏಪ್ರಿಲ್ 14ರವರೆಗೆ ಎಂದರು, ನಂತರ ಮೇ 3, ಆಮೇಲೆ ಮೇ 17, ಕೊನೆಗೆ ಮೇ 31. ರಜೆ ಪೂರ್ತಿ ಮುಗಿಯಿತು. ಅದೇ ಮೇ 18ರಂದು ಕರ್ನಾಟಕ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು. ಸೇವಾ ಸಿಂಧು ತಾಣದಲ್ಲಿ ನೋಂದಾಯಿಸುವುದು, ಕೈಗೆ ಮುದ್ರೆ ಒತ್ತುವುದು, 14 ದಿನದ ಪ್ರತ್ಯೇಕವಾಸ ಇವೆಲ್ಲ ರದ್ದಾದದ್ದು ಆಗಸ್ಟ್ ಕೊನೆಯ ವಾರದಲ್ಲಿ, ಕೇಂದ್ರ ಗೃಹ ಕಾರ್ಯದರ್ಶಿಗಳು ರಾಜ್ಯಗಳಿಗೆ ಪತ್ರ ಬರೆದ ಮೇಲೆ. 2021ರಲ್ಲಿ ಮತ್ತೆ ಅದೇ ತಿಂಗಳುಗಳಲ್ಲಿ ಎರಡನೇ ಅಲೆ ಬಂತು. ಮೇ 10ರಿಂದ ಅಂತರ ಜಿಲ್ಲಾ ಪ್ರಯಾಣಕ್ಕೆ ತಡೆ: ಮೊದಲು ಮೇ 24ರವರೆಗೆ, ಅನಂತರ ಜೂನ್ 7, ಮತ್ತೆ ಜೂನ್ 14. ಅಮೆರಿಕ-ಕೆನಡಾ ಗಡಿಯಲ್ಲಿ ತಿಂಗಳಿಗೊಮ್ಮೆ ನಡೆದದ್ದು ಇಲ್ಲಿ ವಾರಗಳ ಲೆಕ್ಕದಲ್ಲಿ ನಡೆಯಿತು.

ಧಾರವಾಡದಿಂದ ಹಳಿಯಾಳ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸಂತೆ, ಆಸ್ಪತ್ರೆ, ಕಾಲೇಜುಗಳಿಗೆಂದು ಹಳಿಯಾಳ ಮತ್ತು ದಾಂಡೇಲಿಯವರು ದಿನವೂ ಇತ್ತ ಬರುತ್ತಾರೆ. ನಡುವಿನ ಜಿಲ್ಲಾ ಗಡಿ ಆಡಳಿತದ ಅನುಕೂಲಕ್ಕೆ ಎಳೆದ ಗೆರೆ. ಅದರ ಎರಡೂ ಬದಿಯ ಹಳ್ಳಿಗಳಲ್ಲಿ ಸೋಂಕಿನ ಮಟ್ಟ ಬೇರೆಯಾಗಿರಲು ಕಾರಣವೇ ಇರಲಿಲ್ಲ. ಎರಡನೇ ಅಲೆಯ ಆ ಭೀಕರ ವಾರಗಳಲ್ಲಿ ವಿಹಾರ ನಿಲ್ಲಬೇಕಿತ್ತು, ನಿಂತದ್ದು ಸರಿ. ಆಮ್ಲಜನಕಕ್ಕಾಗಿ ಜನ ಒದ್ದಾಡುತ್ತಿದ್ದಾಗ ದೋಣಿಯ ಮಾತು ಆಡುವಂತಿರಲಿಲ್ಲ. ನನ್ನ ತಕರಾರು ಅದರ ನಂತರದ ದಿನಗಳ ಬಗ್ಗೆ: ಮಳೆಗಾಲ ಹತ್ತಿರವಿದ್ದಾಗ ‘ಇನ್ನು ಒಂದು ವಾರ’ ಎಂಬ ಪ್ರಕಟಣೆಗಿಂತ ‘ಈ ಹಂಗಾಮು ಮುಗಿಯಿತು, ಅಕ್ಟೋಬರ್‌ಗೆ ಸಿದ್ಧರಾಗಿ’ ಎಂಬ ಪ್ರಕಟಣೆ ಪ್ರವಾಸಿಗನಿಗೂ ಒಳ್ಳೆಯದು, ಗಣೇಶಗುಡಿಯಲ್ಲಿ ತೆಪ್ಪ ನಡೆಸುವ ಯುವಕನಿಗೆ ಇನ್ನೂ ಒಳ್ಳೆಯದು. ಅವನು ಬೇರೆ ಕೂಲಿ ಹುಡುಕಿಕೊಳ್ಳಬಹುದಿತ್ತು. ವಿಹಾರವೆಂದರೆ ಉಳ್ಳವರ ಚಟ, ಅದಕ್ಕೇಕೆ ಇಷ್ಟು ಮಾತು ಎನ್ನುವವರು ಈ ಯುವಕನನ್ನು ಮರೆಯುತ್ತಾರೆ. ಹುಬ್ಬಳ್ಳಿಯ ಕುಟುಂಬಕ್ಕೆ ಒಂದು ರಜೆ ತಪ್ಪಿತು. ಜೋಯಿಡಾ ತಾಲ್ಲೂಕಿನ ಮನೆಗಳಿಗೆ ಸತತ ಎರಡು ಬೇಸಿಗೆಯ ದುಡಿಮೆ ತಪ್ಪಿತು.

ಮರಳುವ ದಾರಿಯ ಲೆಕ್ಕ

ಪ್ರವಾಸ ಯೋಜಿಸುವವರು ಸಾಮಾನ್ಯವಾಗಿ ಹೋಗುವ ಊರಿನ ನಿಯಮ ವಿಚಾರಿಸುತ್ತಾರೆ, ಹಿಂದಿರುಗುವ ಊರಿನದನ್ನು ವಿಚಾರಿಸುವುದಿಲ್ಲ. 2021ರ ಫೆಬ್ರುವರಿಯಲ್ಲಿ ಕೇರಳದ ದೋಣಿಮನೆಗಳು ತೆರೆದಿದ್ದವು. ಆದರೆ ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತರಬೇಕೆಂದು ಕರ್ನಾಟಕ ಕಡ್ಡಾಯ ಮಾಡಿತು. ಈ 72 ಗಂಟೆಯನ್ನು ಬಿಡಿಸಿ ನೋಡಿ. ಮಾದರಿ ಕೊಟ್ಟು ವರದಿ ಕೈಗೆ ಬರಲು ಒಂದು ದಿನ ಹೋಗುತ್ತದೆ. ಆಲಪ್ಪುಳದಿಂದ ಹುಬ್ಬಳ್ಳಿಗೆ ರೈಲು ಹಿಡಿದು ಬರಲು ಸುಮಾರು ಇನ್ನೊಂದು ದಿನ. ಉಳಿಯುವುದು ಒಂದೇ ದಿನ. ಮೂರು ದಿನದ ದೋಣಿ ಪ್ರವಾಸದಲ್ಲಿ ಎರಡನೇ ದಿನ ದಡಕ್ಕೆ ಬಂದು, ಪ್ರಯೋಗಾಲಯ ಹುಡುಕಿ, ಸಾಲಿನಲ್ಲಿ ನಿಂತು ಮಾದರಿ ಕೊಡಬೇಕು. ಆ ಪ್ರವಾಸದ ಉದ್ದೇಶವೇ ಅಲ್ಲಿ ಮುಗಿಯುತ್ತದೆ. ಅದೇ ವರ್ಷದ ಆಗಸ್ಟ್ ಹೊತ್ತಿಗೆ ಎರಡೂ ಲಸಿಕೆ ಪಡೆದವರಿಗೂ ಈ ವರದಿ ಕಡ್ಡಾಯವಾಗಿತ್ತು. ಗೋವಾದ ನಿಯಮವೂ ಹೀಗೆ ಹೊರಳಾಡಿತು: 2020ರ ಜುಲೈನಲ್ಲಿ ಸೋಂಕಿಲ್ಲದ ವರದಿ ಅಥವಾ ಬಂದಿಳಿದ ಮೇಲೆ ಪರೀಕ್ಷೆ, ಸೆಪ್ಟೆಂಬರ್‌ನಲ್ಲಿ ಏನೂ ಬೇಡ, 2021ರ ಮೇ 10ರಿಂದ ಹೈಕೋರ್ಟ್ ಸೂಚನೆಯಂತೆ ಮತ್ತೆ ವರದಿ ಕಡ್ಡಾಯ.

ದ್ವೀಪಗಳ ಕಥೆಯಲ್ಲಿ ಎರಡೂ ಬದಿ ಕಾಣುತ್ತದೆ. ಲಕ್ಷದ್ವೀಪ ಹೊರಗಿನವರಿಗೆ ಪ್ರವೇಶಪತ್ರವಿಲ್ಲದೆ ಎಂದೂ ತೆರೆದಿರಲಿಲ್ಲ; ಕೊಚ್ಚಿಯಲ್ಲೇ ಪ್ರತ್ಯೇಕವಾಸ ಮುಗಿಸಿ ಹಡಗು ಹತ್ತಬೇಕೆಂಬ ನಿಯಮ ಇರುವಷ್ಟು ದಿನ ಅಲ್ಲಿ ಒಂದೂ ಪ್ರಕರಣ ಇರಲಿಲ್ಲ. 2020ರ ಡಿಸೆಂಬರ್ ಕೊನೆಗೆ ಆ ನಿಯಮ ಸಡಿಲವಾಯಿತು, 2021ರ ಜನವರಿ 18ರಂದು ಮೊದಲ ಪ್ರಕರಣ ವರದಿಯಾಯಿತು. ಗಡಿ ನಿರ್ಬಂಧ ಕೆಲಸ ಮಾಡುವುದೇ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು. ಆಸ್ಪತ್ರೆಯ ಸೌಲಭ್ಯ ಕಡಿಮೆ ಇರುವ ಸಣ್ಣ ದ್ವೀಪಗಳಿಗೆ ಬಿಗಿಯಾದ ಗಡಿ ನ್ಯಾಯವಾದದ್ದೇ. ಮಾಲ್ಡೀವ್ಸ್ ಇದಕ್ಕೆ ವಿರುದ್ಧವಾಗಿ 2020ರ ಜುಲೈ 15ಕ್ಕೇ ಪ್ರವಾಸಿಗರಿಗೆ ತೆರೆದುಕೊಂಡಿತು. ರೆಸಾರ್ಟ್ ದ್ವೀಪಗಳು ಮತ್ತು ಸಮುದ್ರದಲ್ಲೇ ತಂಗುವ ಸಫಾರಿ ದೋಣಿಗಳು ಮೊದಲು, ಜನವಸತಿಯ ದ್ವೀಪಗಳ ಅತಿಥಿಗೃಹಗಳು ಆಮೇಲೆ ಎಂಬ ಕ್ರಮ ಅದು ಇಟ್ಟುಕೊಂಡಿತ್ತು. ದೋಣಿಯನ್ನು ಅಪಾಯವೆಂದು ಕಾಣದೆ, ಊರಿನ ಜನರಿಂದ ದೂರ ಇರುವ ತಂಗುದಾಣವೆಂದು ಕಂಡ ದೇಶವದು. ಆದರೂ 2021ರ ಮೇ 13ರಂದು ದಕ್ಷಿಣ ಏಷ್ಯಾದ ಪ್ರವಾಸಿಗರಿಗೆ ವೀಸಾ ನಿಲ್ಲಿಸಿತು, ಎರಡು ತಿಂಗಳ ನಂತರ ಮತ್ತೆ ತೆರೆಯಿತು. ಭಾರತದ ಎರಡನೇ ಅಲೆಯ ಉತ್ತುಂಗದಲ್ಲಿ ಅದನ್ನು ತಪ್ಪೆನ್ನಲಾಗದು.

ಮುಂಗಡ ಯಾರದ್ದು?

ಗಡಿ ಮುಚ್ಚಿದಾಗ ಕೊಟ್ಟ ಹಣ ಏನಾಗುತ್ತದೆ ಎಂಬುದು ಓದುಗರಿಗೆ ನೇರವಾಗಿ ತಟ್ಟುವ ಪ್ರಶ್ನೆ. ವಿಮಾನ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಸ್ಪಷ್ಟ ಆದೇಶ ಕೊಟ್ಟಿತು. ದೋಣಿಮನೆ, ರ‍್ಯಾಫ್ಟಿಂಗ್, ರೆಸಾರ್ಟ್ ಮುಂಗಡಗಳಿಗೆ ಅಂಥ ರಕ್ಷಣೆ ಸಿಗಲಿಲ್ಲ. ಅಲ್ಲಿ ನಮಗಿರುವುದು 1872ರ ಕರಾರು ಕಾಯ್ದೆ. ಒಪ್ಪಂದವಾದ ಮೇಲೆ ಕೆಲಸ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಕರಾರು ಶೂನ್ಯವೆಂದು 56ನೇ ಕಲಂ ಹೇಳುತ್ತದೆ. ಹಾಗೆ ಶೂನ್ಯವಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು 65ನೇ ಕಲಂ ಹೇಳುತ್ತದೆ.

ಎರಡು ಸಂದರ್ಭಗಳನ್ನು ಇಲ್ಲಿ ಬೇರೆ ಬೇರೆಯಾಗಿ ನೋಡಬೇಕು. ಸರ್ಕಾರ ದೋಣಿ ವಿಹಾರವನ್ನೇ ನಿಲ್ಲಿಸಿದ್ದರೆ ಸೇವೆ ಕೊಡುವುದು ಅಸಾಧ್ಯ, ಹಣ ವಾಪಸ್ ಕೇಳಲು ಗಟ್ಟಿ ಆಧಾರವಿದೆ. ದಾಂಡೇಲಿಯಲ್ಲಿ ದೋಣಿ ನಡೆಯುತ್ತಿದ್ದು, ಧಾರವಾಡದಿಂದ ಹೊರಡುವವರಿಗೆ ಮಾತ್ರ ಗಡಿ ಮುಚ್ಚಿದ್ದರೆ? ಸೇವೆ ಸಿದ್ಧವಿದೆ, ನೀವು ಬರಲಿಲ್ಲ ಎಂದು ಮಾಲೀಕರು ಹೇಳಬಹುದು. ಗಡಿ ನಿರ್ಬಂಧದ ಪ್ರಕರಣಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು, ಕಾನೂನು ಮಸುಕಾಗಿರುವುದೂ ಅಲ್ಲೇ. ಎರಡು ಬೇಸಿಗೆ ಕಳೆದುಕೊಂಡ ಸಣ್ಣ ದೋಣಿ ಮಾಲೀಕರಿಂದ ಒಂದೇ ಸಲ ಎಲ್ಲ ಹಣ ಕೇಳುವುದು ಅವರನ್ನು ಮುಳುಗಿಸುತ್ತದೆ. ಹಾಗೆಂದು ಪ್ರವಾಸಿಗನ ಹಣ ಇಟ್ಟುಕೊಳ್ಳುವುದೂ ನ್ಯಾಯವಲ್ಲ. ಒಂದು ಹಂಗಾಮಿನ ಮುಂಗಡ ಮುಂದಿನ ಹಂಗಾಮಿಗೆ ಸಲ್ಲುತ್ತದೆ, ಆಗಲೂ ಆಗದಿದ್ದರೆ ಮರಳಿ ಬರುತ್ತದೆ ಎಂಬ ಸಾಲು ರಸೀದಿಯಲ್ಲೇ ಇದ್ದರೆ ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ. ಹಣ ಕೊಡುವ ಮೊದಲು ಕೇಳಬೇಕಾದದ್ದು ಇದನ್ನೇ: ನಿಮ್ಮ ಜಿಲ್ಲೆ ತೆರೆದಿದ್ದು ನಮ್ಮ ಜಿಲ್ಲೆಯ ಗಡಿ ಮುಚ್ಚಿದರೆ ಏನು? ವಾಟ್ಸ್‌ಆ್ಯಪ್‌ನಲ್ಲಿ ಬಂದ ಉತ್ತರವಾದರೂ ಸರಿ, ಅಳಿಸದೆ ಇಟ್ಟುಕೊಳ್ಳಿ.

ವಿವಾದವಾದರೆ ದೋಣಿ ಇರುವ ಊರಿಗೆ ಅಲೆಯಬೇಕಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶ ಮಾಡಿದೆ. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಪಣಜಿಯ ಹಡಗಿನ ಮೇಲಾಗಲಿ ಆಲಪ್ಪುಳದ ದೋಣಿಮನೆಯ ಮೇಲಾಗಲಿ ಹುಬ್ಬಳ್ಳಿಯವರು ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.